ಗ್ಲಾಡಿಯೇಟರ್‌ಗಳಿಗೆ ಚಪ್ಪಾಳೆ ತಟ್ಟಿದವರೇ ಅವರಿಗೆ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ, ಯಾಕೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಾನು, ನಮ್ಮ ಯಜಮಾನರು ರೋಮ್‌ಗೆ ಹೋಗಿದ್ದೆವು. ಜನರ ಮುಂದೆ ಗ್ಲಾಡಿಯೇಟರ್‌ಗಳು ಆಯುಧ ಹಿಡಿದು ಹೋರಾಡುತ್ತಿದ್ದ ಹಳೆಯ ಅಖಾಡ ಕೊಲೋಸಿಯಂ ಒಳಗೆ ಮೂರು ಗಂಟೆ ಸುತ್ತಿದೆವು. ಹೊರಗೆ ಬಂದು ರಸ್ತೆ ದಾಟಿದರೆ, ಪಕ್ಕದಲ್ಲೇ ತಗ್ಗಿನಲ್ಲಿ ಬಾಗಿದ ಇಟ್ಟಿಗೆ ಗೋಡೆಗಳು, ಸಾಲು ಸಾಲು ಸಣ್ಣ ಕೋಣೆಗಳು ಕಾಣುತ್ತವೆ. ಅದು ಲುಡುಸ್ ಮ್ಯಾಗ್ನುಸ್. ಗ್ಲಾಡಿಯೇಟರ್‌ಗಳು ಉಳಿದುಕೊಂಡು ತಾಲೀಮು ಮಾಡುತ್ತಿದ್ದ ಶಾಲೆ. ಡೊಮಿಷಿಯನ್ ಚಕ್ರವರ್ತಿ ಕಟ್ಟಿಸಿದ್ದು. ಅಲ್ಲಿಂದ ಕೊಲೋಸಿಯಂಗೆ ನೆಲದಡಿಯಲ್ಲಿ ಸುರಂಗ ಇತ್ತು. ಕೋಣೆಯಿಂದ ಎದ್ದವನು ಬೀದಿಗೆ ಕಾಲಿಡದೆ ನೇರ ಅಖಾಡಕ್ಕೆ ಹೋಗಬಹುದಿತ್ತು. ನನಗೆ ಕೊಲೋಸಿಯಂಗಿಂತ ಆ ಕೋಣೆಗಳೇ ಜಾಸ್ತಿ ಕಾಡಿದವು.

ಊರಿಗೆ ಬಂದ ಮೇಲೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಇದ್ದೇನೆ. ಒಂದು ಶಾಸನದ ಹತ್ತಿರ ಬಂದು ನಿಂತುಬಿಟ್ಟೆ. ಇಟಲಿಯ ಸಾರ್ಸಿನಾ ಎಂಬ ಊರಲ್ಲಿ ಹೊರಾಟಿಯಸ್ ಬಾಲ್ಬಸ್ ಎಂಬ ದಾನಿ ತನ್ನ ಊರಿನ ಜನರಿಗೆ ಹೂಳಲು ಜಾಗ ಬಿಟ್ಟುಕೊಟ್ಟ. ಒಬ್ಬೊಬ್ಬರಿಗೆ ಹತ್ತು ಅಡಿ ಅಗಲ, ಹತ್ತು ಅಡಿ ಉದ್ದ. ಆದರೆ ಮೂರು ಬಗೆಯವರಿಗೆ ಇಲ್ಲ: ಗ್ಲಾಡಿಯೇಟರ್ ಆಗಲು ತಾವೇ ಕರಾರು ಮಾಡಿಕೊಂಡವರು, ನೇಣು ಹಾಕಿಕೊಂಡವರು, ಹೊಲಸು ಕಸುಬು ಮಾಡಿದವರು.

ಇದೇ ಜನ ಅವರ ಹೆಸರನ್ನು ಗೋಡೆ ಮೇಲೆ ಬರೆದರು, ದೀಪದ ಮೇಲೆ ಅವರ ಚಿತ್ರ ಅಚ್ಚು ಹಾಕಿಸಿಕೊಂಡರು. ಅಷ್ಟು ಪ್ರೀತಿಸಿದವರನ್ನು ಸತ್ತ ಮೇಲೆ ಊರಿನ ಮಣ್ಣಿಗೂ ಸೇರಿಸಲಿಲ್ಲ. ಇದು ನನಗೆ ಅರ್ಥವಾಗುತ್ತಿಲ್ಲ. ತಿಳಿದವರು ಹೇಳಿ. ಸಿನಿಮಾ ಕಥೆ ಬೇಡ, ನಿಜವಾಗಿ ಇದ್ದದ್ದು ಬೇಕು.

ಹಳೆಶಾಸನ

ಒಳ್ಳೆಯ ಪ್ರಶ್ನೆ ಮೇಡಂ. ಮೊದಲು ಇದು ಎಲ್ಲಿಂದ ಶುರುವಾಯಿತು ನೋಡೋಣ.

ರೋಮ್‌ನಲ್ಲಿ ದಾಖಲಾದ ಮೊದಲ ಕಾಳಗ ಕ್ರಿ.ಪೂ. 264ರದ್ದು. ಬ್ರೂಟಸ್ ಪೆರಾ ಎಂಬ ಹಿರಿಯ ತೀರಿಕೊಂಡ. ಅವನ ಮಕ್ಕಳು ಊರಿನ ದನದ ಸಂತೆಯ ಬಯಲಲ್ಲಿ ಮೂರು ಜೋಡಿ ಗುಲಾಮರನ್ನು ಹೋರಾಡಲು ಬಿಟ್ಟರು. ಇದಕ್ಕೆ ಅವರು ಇಟ್ಟ ಹೆಸರು ಮುನುಸ್. ಅಂದರೆ ಸತ್ತವರಿಗೆ ಉಳಿದವರು ಸಲ್ಲಿಸಬೇಕಾದ ಬಾಕಿ. ದಕ್ಷಿಣ ಇಟಲಿಯ ಪೆಸ್ಟಮ್‌ನಲ್ಲಿ ಇದಕ್ಕೂ ಹಳೆಯ ಗೋರಿಗಳ ಗೋಡೆಗಳ ಮೇಲೆ ಇಂಥ ಜೋಡಿ ಕಾಳಗದ ಚಿತ್ರಗಳಿವೆ. ಆದ್ದರಿಂದ ರೋಮನ್ನರು ಇದನ್ನು ಆ ಕಡೆಯಿಂದ ಕಲಿತರು ಎಂದು ತುಂಬಾ ವಿದ್ವಾಂಸರು ಹೇಳುತ್ತಾರೆ.

ಹೀಗೆ ಸಾವಿನ ಮನೆಯ ಸಂಪ್ರದಾಯವಾಗಿ ಬಂದದ್ದು ಇನ್ನೂರು ವರ್ಷದಲ್ಲಿ ರಾಜಕೀಯದ ಆಯುಧವಾಯಿತು. ಕ್ರಿ.ಪೂ. 65ರಲ್ಲಿ ಜೂಲಿಯಸ್ ಸೀಸರ್ ತಂದೆಯ ನೆನಪಿಗೆ ಅಂತ 320 ಜೋಡಿ ಇಳಿಸಿದ. ತಂದೆ ಸತ್ತು ಆಗಲೇ ಇಪ್ಪತ್ತು ವರ್ಷವಾಗಿತ್ತು. ಅವನು ಇನ್ನೂ ಹೆಚ್ಚು ಜನರನ್ನು ಕೂಡಿಸಿದ್ದನಂತೆ. ರೋಮ್‌ನ ಹಿರಿಯರ ಸಭೆಯಾದ ಸೆನೆಟ್ ಹೆದರಿ ಸಂಖ್ಯೆಗೆ ಮಿತಿ ಹಾಕಿತು. ಹೆದರಿಕೆಗೆ ಕಾರಣವೂ ಇತ್ತು. ಗ್ಲಾಡಿಯೇಟರ್ ಆಗಿದ್ದ ಸ್ಪಾರ್ಟಕಸ್‌ನ ದಂಗೆ ಮುಗಿದು ಆಗ ಬರೀ ಆರು ವರ್ಷ.

ಎರಡು ವರ್ಷ ಬಿಟ್ಟು ಸಿಸೆರೊ ಎಂಬ ರಾಜಕಾರಣಿ ಕಾನ್ಸಲ್, ಅಂದರೆ ರೋಮ್‌ನ ಮುಖ್ಯ ಅಧಿಕಾರಿ, ಆಗಿದ್ದಾಗ ಒಂದು ಕಾನೂನು ತಂದ. ಚುನಾವಣೆಗೆ ನಿಲ್ಲುವವರು ಅದಕ್ಕೆ ಮುಂಚಿನ ಎರಡು ವರ್ಷದಲ್ಲಿ ಗ್ಲಾಡಿಯೇಟರ್ ಆಟ ಏರ್ಪಡಿಸುವಂತಿಲ್ಲ. ಮತ ಎಷ್ಟು ಬರುತ್ತಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮೊದಲ ಚಕ್ರವರ್ತಿ ಆಗಸ್ಟಸ್ ಬಂದ ಮೇಲೆ ಹಗ್ಗವನ್ನು ತನ್ನ ಕೈಗೇ ತೆಗೆದುಕೊಂಡ. ಬೇರೆ ಅಧಿಕಾರಿಗಳಿಗೆ ವರ್ಷಕ್ಕೆ ಎರಡೇ ಆಟ, ಒಂದಕ್ಕೆ 120 ಜನ ಮೀರಬಾರದು. ತಾನು ಮಾತ್ರ ತನ್ನ ಕಾಲದಲ್ಲಿ ಎಂಟು ಆಟ ಆಡಿಸಿದೆ, ಸುಮಾರು 10,000 ಜನ ಹೋರಾಡಿದರು ಎಂದು ತಾನೇ ಬರೆಸಿಕೊಂಡ.

ಬೆಳಗಾವಿ_ಗರಡಿ

ನಮ್ಮ ಅಜ್ಜ ಗರಡಿಯ ಉಸ್ತಾದರು. ಹಾಗಾಗಿ ನನಗೆ ಈ ವಿಷಯದಲ್ಲಿ ಮೊದಲಿನಿಂದ ಆಸಕ್ತಿ. ಕುಸ್ತಿಗೂ ಇದಕ್ಕೂ ಸಂಬಂಧವಿಲ್ಲ, ಅದು ಗೊತ್ತು. ಆದರೆ ತಾಲೀಮಿನ ವಿವರ ಓದುವಾಗ ಗರಡಿ ಕಣ್ಣ ಮುಂದೆ ಬರುತ್ತದೆ.

ನೆಲಕ್ಕೆ ಒಂದು ಕಂಬ ಹುಗಿಯುತ್ತಿದ್ದರು. ಅದೇ ಎದುರಾಳಿ. ಮರದ ಕತ್ತಿ ಹಿಡಿದು ದಿನವಿಡೀ ಅದಕ್ಕೆ ಹೊಡೆಯಬೇಕು. ಆ ಕಂಬಕ್ಕೆ ಪಾಲುಸ್ ಅಂತ ಹೆಸರು. ಶಾಲೆಯಲ್ಲಿ ಎಲ್ಲರಿಗಿಂತ ಮೇಲಿನವನಿಗೆ ಪ್ರೀಮುಸ್ ಪಾಲುಸ್, ಅಂದರೆ 'ಮೊದಲ ಕಂಬ' ಎಂಬ ಬಿರುದು. ಒಂದೊಂದು ಬಗೆಯ ಹೋರಾಟಕ್ಕೆ ಒಬ್ಬೊಬ್ಬ ಗುರು. ಎಲ್ಲರ ಮೇಲೆ ಯಜಮಾನ. ಅವನಿಗೆ ಲಾನಿಸ್ತಾ ಅನ್ನುತ್ತಿದ್ದರು.

ಸಿನಿಮಾದಲ್ಲಿ ಕೈಗೆ ಸಿಕ್ಕಿದ್ದು ಹಿಡಿದು ನುಗ್ಗುತ್ತಾರೆ. ನಿಜದಲ್ಲಿ ಹಾಗಿರಲಿಲ್ಲ. ಜೋಡಿ ಕಟ್ಟುವುದೇ ಒಂದು ವಿದ್ಯೆ. ಒಬ್ಬನಿಗೆ ಇರುವ ಬಲ ಇನ್ನೊಬ್ಬನಿಗೆ ಇರಬಾರದು. ಮುರ್ಮಿಲ್ಲೊ ಎಂಬವನಿಗೆ ಮೊಣಕಾಲಿನಿಂದ ಗಲ್ಲದವರೆಗೆ ಮುಚ್ಚುವ ದೊಡ್ಡ ಗುರಾಣಿ, ನೇರವಾದ ಗಿಡ್ಡ ಕತ್ತಿ. ಅವನ ಎದುರು ಥ್ರೇಕ್ಸ್. ಇವನದು ಚಿಕ್ಕ ಗುರಾಣಿ, ಬಾಗಿದ ಕತ್ತಿ. ಆ ಬಾಗು ದೊಡ್ಡ ಗುರಾಣಿಯ ಅಂಚು ದಾಟಿ ಹಿಂದೆ ತಾಗಲಿ ಅಂತ.

ನನಗೆ ಎಲ್ಲಕ್ಕಿಂತ ಇಷ್ಟವಾದ ಜೋಡಿ ರೆಟಿಯಾರಿಯಸ್ ಮತ್ತು ಸೆಕ್ಯೂಟರ್. ರೆಟಿಯಾರಿಯಸ್ ಬಲೆಗಾರ. ಬಲೆ, ತ್ರಿಶೂಲ, ಒಂದು ಚೂರಿ. ಹೆಲ್ಮೆಟ್ ಇಲ್ಲ, ಗುರಾಣಿ ಇಲ್ಲ. ಎಡಭುಜದ ಮೇಲೆ ಎತ್ತರದ ಲೋಹದ ತಗಡು ಮಾತ್ರ. ಸೆಕ್ಯೂಟರ್ ಅಂದರೆ ಬೆನ್ನಟ್ಟುವವನು. ಅವನ ಹೆಲ್ಮೆಟ್ ಮೊಟ್ಟೆಯ ಹಾಗೆ ನುಣುಪು. ಬಲೆ ಸಿಕ್ಕಿಕೊಳ್ಳಬಾರದು ಅಂತ. ಕಣ್ಣಿಗೆ ಎರಡು ಸಣ್ಣ ತೂತು, ರೂಪಾಯಿ ನಾಣ್ಯದಷ್ಟು. ತ್ರಿಶೂಲದ ಮೊನೆ ಒಳಗೆ ಬರಬಾರದು ಅಂತ. ಆದರೆ ಅದೇ ತೂತಿನಿಂದ ಉಸಿರು ಕಟ್ಟುತ್ತದೆ, ಅಕ್ಕಪಕ್ಕ ಕಾಣುವುದಿಲ್ಲ. ಅವನು ಬೇಗ ಹತ್ತಿರ ಬಂದು ಮುಗಿಸಬೇಕು. ಬಲೆಗಾರ ದೂರ ಉಳಿದು ಅವನನ್ನು ದಣಿಸಬೇಕು. ಒಬ್ಬನಿಗೆ ಭಾರದ ಕಷ್ಟ, ಇನ್ನೊಬ್ಬನಿಗೆ ಬರಿಮೈಯ ಕಷ್ಟ.

ಮಧ್ಯದಲ್ಲಿ ರೆಫರಿ ಇರುತ್ತಿದ್ದ. ಹೆಸರು ಸುಮ್ಮಾ ರುಡಿಸ್. ಕೈಯಲ್ಲಿ ಉದ್ದನೆಯ ಕೋಲು. ಕೆಳಗೆ ಬಿದ್ದದ್ದು ಜಾರಿ ಬಿದ್ದದ್ದೋ ಸೋತು ಬಿದ್ದದ್ದೋ ತೀರ್ಪು ಕೊಡುವವನು ಅವನೇ.

ರಾಯಚೂರು_ಬಿಸಿಲು

ಗರಡಿ ಅಣ್ಣ, ಚೆನ್ನಾಗಿ ಬರೆದಿದ್ದೀರಿ. ಒಂದು ಅನುಮಾನ. ಪ್ರತಿ ಪಂದ್ಯದಲ್ಲೂ ಒಬ್ಬ ಸಾಯಲೇಬೇಕಿತ್ತಲ್ವಾ? ರಾಜ ಹೆಬ್ಬೆರಳು ಕೆಳಗೆ ಮಾಡಿದರೆ ಮುಗೀತು ಅಂತ ಕೇಳಿದ್ದೇನೆ.

ಹಳೆಶಾಸನ

ಅಲ್ಲ ಸರ್. ಸೋತವನು ಬೆರಳು ಎತ್ತಿ ಸೋಲು ಒಪ್ಪಿಕೊಳ್ಳಬಹುದಿತ್ತು. ಆಗ ರೆಫರಿ ಹೋರಾಟ ನಿಲ್ಲಿಸುತ್ತಾನೆ. ಆಟ ಏರ್ಪಡಿಸಿದವನು ಜನರ ಕೂಗು ಕೇಳಿ ತೀರ್ಮಾನಿಸುತ್ತಾನೆ. ಬಿಟ್ಟುಬಿಡಿ ಅಂದರೆ ಅದಕ್ಕೆ ಮಿಸ್ಸಿಯೊ ಅನ್ನುತ್ತಾರೆ. ಅವನು ಜೀವಂತ ಹೊರಗೆ ಹೋಗುತ್ತಾನೆ. ಇಬ್ಬರೂ ಸಮ ಸಮ ನಿಂತರೆ 'ನಿಂತೇ ಬಿಡುಗಡೆ', ಅಂದರೆ ಡ್ರಾ. ಮೊದಲನೇ ಶತಮಾನದ ದಾಖಲೆಗಳನ್ನು ಲೆಕ್ಕ ಹಾಕಿದ ವಿದ್ವಾಂಸರ ಅಂದಾಜು, ಐದು ಪಂದ್ಯಕ್ಕೆ ಸುಮಾರು ಒಂದು ಸಾವು. ಆಮೇಲಿನ ಕಾಲದಲ್ಲಿ ಅದು ಏರಿತು.

ಹೆಬ್ಬೆರಳಿನ ವಿಷಯ. ಲ್ಯಾಟಿನ್‌ನಲ್ಲಿ ಇರುವುದು 'ತಿರುಗಿಸಿದ ಹೆಬ್ಬೆರಳು' ಅಂತ ಮಾತ್ರ. ಯಾವ ಕಡೆಗೆ ಅಂತ ಬರೆದಿಲ್ಲ. ಕೆಳಗೆ ಅಂದರೆ ಸಾವು ಅನ್ನುವ ಕಲ್ಪನೆ ನಮ್ಮ ತಲೆಯಲ್ಲಿ ಕೂತಿದ್ದು 1872ರಲ್ಲಿ ಫ್ರೆಂಚ್ ಕಲಾವಿದ ಜೆರೋಮ್ ಬರೆದ ಚಿತ್ರದಿಂದ.

'ಸಾಯಲಿರುವವರ ನಮಸ್ಕಾರ' ಅನ್ನುವ ಮಾತೂ ಹಾಗೇ. ಅದು ಗ್ಲಾಡಿಯೇಟರ್‌ಗಳ ದಿನದ ವಂದನೆ ಆಗಿರಲಿಲ್ಲ. ಕ್ರಿ.ಶ. 52ರಲ್ಲಿ ಕ್ಲಾಡಿಯಸ್ ಚಕ್ರವರ್ತಿ ಫುಕೀನುಸ್ ಕೆರೆಯಲ್ಲಿ ನಕಲಿ ಹಡಗು ಯುದ್ಧ ಆಡಿಸಿದ. ಅಲ್ಲಿ ಇದ್ದ ಶಿಕ್ಷೆಗೊಳಗಾದ ಕೈದಿಗಳು ಹಾಗೆ ಕೂಗಿದರು ಎಂದು ಒಂದು ಸಲ ಬರುತ್ತದೆ, ಅಷ್ಟೇ.

ಕೋರ್ಟ್_ಕಟ್ಟೆ

ನಾನು ವಕೀಲ. ಸಾವು ಯಾಕೆ ಕಡಿಮೆ ಅನ್ನುವುದಕ್ಕೆ ಕಾನೂನಿನ ಕಡೆಯಿಂದ ಉತ್ತರ ಇದೆ. ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಎರಡನೇ ಶತಮಾನದಲ್ಲಿ ಗೈಯಸ್ ಎಂಬ ಕಾನೂನು ಪಂಡಿತ ಇದ್ದ. ಬಾಡಿಗೆ ಯಾವುದು, ಮಾರಾಟ ಯಾವುದು ಅಂತ ಹೇಳಿಕೊಡುವಾಗ ಅವನು ಒಂದು ಉದಾಹರಣೆ ಕೊಡುತ್ತಾನೆ. ನಾನು ನಿನಗೆ ಗ್ಲಾಡಿಯೇಟರ್‌ಗಳನ್ನು ಒಪ್ಪಿಸುತ್ತೇನೆ. ಗಾಯವಿಲ್ಲದೆ ವಾಪಸ್ ಬಂದ ಒಬ್ಬೊಬ್ಬನಿಗೆ, ಅವನ ಬೆವರಿಗೆ ಅಂತ, 20 ಡೆನಾರಿ (ರೋಮನ್ ಬೆಳ್ಳಿ ನಾಣ್ಯ) ಕೊಡು. ಸತ್ತವನಿಗೆ ಅಥವಾ ಊನವಾದವನಿಗೆ 1,000 ಡೆನಾರಿ ಕೊಡು. ಈ ಕರಾರು ಬಾಡಿಗೆಯೋ ಮಾರಾಟವೋ? ಗೈಯಸ್ ಹೇಳುತ್ತಾನೆ, ವಾಪಸ್ ಬಂದವನ ಮಟ್ಟಿಗೆ ಅದು ಬಾಡಿಗೆ, ಸತ್ತವನ ಮಟ್ಟಿಗೆ ಮಾರಾಟ. ಯಾವುದು ಅಂತ ಸಂಜೆ ಗೊತ್ತಾಗುತ್ತದೆ.

ಐವತ್ತು ಪಟ್ಟು ವ್ಯತ್ಯಾಸ ನೋಡಿ. ಆಗ ರೋಮನ್ ಕಾಲಾಳು ಸೈನಿಕನ ವರ್ಷದ ಸಂಬಳ 300 ಡೆನಾರಿ. ಒಬ್ಬನನ್ನು ಕೊಲ್ಲಿಸಿದರೆ ಮೂರು ವರ್ಷದ ಸಂಬಳಕ್ಕಿಂತ ಜಾಸ್ತಿ ಕಟ್ಟಬೇಕು. ಆದ್ದರಿಂದ 'ಕೊಲ್ಲು' ಅನ್ನುವುದು ದುಬಾರಿ ಔದಾರ್ಯ. ಜನರ ಮುಂದೆ ತಾನು ಎಷ್ಟು ಖರ್ಚು ಮಾಡಬಲ್ಲೆ ಅಂತ ತೋರಿಸಲು ಕೆಲವರು ಬೇಕೆಂದೇ ಕೊಲ್ಲಿಸುತ್ತಿದ್ದರು.

ಈ ಖರ್ಚು ಊರೂರಿನ ಸಿರಿವಂತರನ್ನು ಮುಳುಗಿಸುತ್ತಿತ್ತು. ಸುಮಾರು ಕ್ರಿ.ಶ. 177ರಲ್ಲಿ ಮಾರ್ಕಸ್ ಆರೀಲಿಯಸ್ ಚಕ್ರವರ್ತಿಯ ಕಾಲದ ಸೆನೆಟ್ ದರ ಕಟ್ಟಿತು. ಅದರ ಕಂಚಿನ ಹಲಗೆ ಸ್ಪೇನ್‌ನ ಇಟಾಲಿಕಾದಲ್ಲಿ ಸಿಕ್ಕಿದೆ. ಮನುಷ್ಯರಿಗೆ ದರ್ಜೆ ಪ್ರಕಾರ ಬೆಲೆ ಪಟ್ಟಿ. ಗೆದ್ದ ಹಣದಲ್ಲಿ ಸ್ವತಂತ್ರ ಮನುಷ್ಯನಿಗೆ ಕಾಲು ಭಾಗ, ಗುಲಾಮನಿಗೆ ಐದನೇ ಒಂದು ಭಾಗ. ಈ ವ್ಯಾಪಾರದ ಮೇಲೆ ಸರ್ಕಾರಕ್ಕೆ ಬರುತ್ತಿದ್ದ ತೆರಿಗೆಯನ್ನೂ ಆಗ ಬಿಟ್ಟುಕೊಟ್ಟರು, ಮನುಷ್ಯರ ರಕ್ತ ಅಂಟಿದ ಹಣ ಖಜಾನೆಗೆ ಬೇಡ ಅನ್ನುವ ಕಾರಣಕ್ಕೆ. ತೆರಿಗೆ ಬಿಟ್ಟರು, ಆಟ ಬಿಡಲಿಲ್ಲ.

ಇನ್ನು ತುಂಗಾತೀರ ಮೇಡಂ ಕೇಳಿದ ಸಾರ್ಸಿನಾ ಶಾಸನ. ಅದರಲ್ಲಿರುವ ಪದ ಔಕ್ಟೊರಾಟಿ. ಗುಲಾಮರಲ್ಲ. ಸ್ವತಂತ್ರರಾಗಿ ಹುಟ್ಟಿ, ಹಣಕ್ಕೋಸ್ಕರ ಅಥವಾ ಸಾಲ ತೀರಿಸಲು ತಾವೇ ಹೋಗಿ ಶಾಲೆ ಸೇರಿದವರು. ಸೇರುವಾಗ ಪ್ರಮಾಣ ಮಾಡಬೇಕು: ನನ್ನನ್ನು ಸುಡಬಹುದು, ಕಟ್ಟಿಹಾಕಬಹುದು, ಹೊಡೆಯಬಹುದು, ಕತ್ತಿಯಿಂದ ಕೊಲ್ಲಬಹುದು, ಒಪ್ಪಿದ್ದೇನೆ. ರೋಮನ್ ನಾಗರಿಕನಿಗೆ ಇದ್ದ ದೊಡ್ಡ ಹಕ್ಕು ಏನು ಗೊತ್ತಾ? ವಿಚಾರಣೆ ಇಲ್ಲದೆ ಅವನ ಮೈಮೇಲೆ ಚಾಟಿ ಬೀಳುವಂತಿರಲಿಲ್ಲ. ಗುಲಾಮನಿಗೂ ಅವನಿಗೂ ಇದ್ದ ಗೆರೆಯೇ ಅದು. ಆ ಗೆರೆಯನ್ನು ಇವನು ತಾನಾಗಿಯೇ ಅಳಿಸಿಕೊಂಡ. ಅದಕ್ಕೆ ಅವನ ಮೇಲೆ ಇನ್‌ಫಾಮಿಯಾ ಬೀಳುತ್ತಿತ್ತು. ಮಾನ ಹೋದವನು ಎಂಬ ಕಾನೂನಿನ ಮುದ್ರೆ. ಊರಿನ ಅಧಿಕಾರದ ಹುದ್ದೆ ಇಲ್ಲ, ಮಾತಿಗೆ ಬೆಲೆ ಇಲ್ಲ. ಲಾನಿಸ್ತಾನಿಗೂ ಅದೇ ಮುದ್ರೆ. ಆದರೆ ಅವರನ್ನು ಬಾಡಿಗೆಗೆ ಪಡೆದು ಆಟ ಏರ್ಪಡಿಸಿದ ಸಿರಿವಂತನಿಗೆ ಮಾತ್ರ ಸನ್ಮಾನ.

ಶಾಸನದಲ್ಲಿ ಈ ಜನರನ್ನು ನೇಣು ಹಾಕಿಕೊಂಡವರ ಪಕ್ಕ ಇಟ್ಟಿದ್ದಾರೆ. ಅದು ಸುಮ್ನೆ ಅಲ್ಲ ಅಂತ ನನಗೆ ಅನಿಸುತ್ತದೆ. ಇಬ್ಬರೂ ತಮ್ಮ ಜೀವವನ್ನು ತಾವೇ ಬಿಟ್ಟುಕೊಟ್ಟವರು.

ತುಂಗಾತೀರ

ಸರ್, ಇದನ್ನು ಎರಡು ಸಲ ಓದಿದೆ. ಬೆವರಿಗೆ 20 ಡೆನಾರಿ. ಆ ಬೆವರು ಸುರಿಸಿದವನ ಕೈಗೂ ಅದು ಬರುತ್ತಿರಲಿಲ್ಲ, ಯಜಮಾನನಿಗೆ ಹೋಗುತ್ತಿತ್ತು ಅಲ್ವಾ?

ಕೋರ್ಟ್_ಕಟ್ಟೆ

ಹೌದು ಮೇಡಂ. ಬಾಡಿಗೆ ಲಾನಿಸ್ತಾನಿಗೆ.

ಹಾಸನ_ಡಾಕ್ಟರಮ್ಮ

ನಾನು ಮೂಳೆ ರೋಗಗಳ ವಿಭಾಗದಲ್ಲಿ ಕೆಲಸ ಮಾಡುವವಳು. ಹಾಗಾಗಿ ಎಫೆಸಸ್ ಬಗ್ಗೆ ಬರೆಯಲೇಬೇಕು.

1993ರಲ್ಲಿ ಟರ್ಕಿಯ ಎಫೆಸಸ್‌ನಲ್ಲಿ ಆಸ್ಟ್ರಿಯಾದ ಪುರಾತತ್ವ ತಂಡಕ್ಕೆ ಗ್ಲಾಡಿಯೇಟರ್‌ಗಳ ಸ್ಮಶಾನ ಸಿಕ್ಕಿತು. ಕಡಿಮೆ ಅಂದರೂ 68 ಜನರ ಮೂಳೆಗಳು. ಹೆಚ್ಚಿನವರ ವಯಸ್ಸು 20ರಿಂದ 30. ಕೆಲವು ತಲೆಬುರುಡೆಗಳಲ್ಲಿ ತ್ರಿಶೂಲ ಹೊಕ್ಕ ತೂತುಗಳಿವೆ. ಆದರೆ ನನ್ನ ಗಮನ ಸೆಳೆದದ್ದು ಬೇರೆ. ಮುರಿದು ಮತ್ತೆ ಕೂಡಿಕೊಂಡ ಮೂಳೆಗಳು. ಎಷ್ಟು ನೇರವಾಗಿ ಕೂಡಿವೆ ಎಂದರೆ, ಕೂರಿಸಿ ಕಟ್ಟಿದವನು ಕೆಲಸ ಬಲ್ಲವನು ಅಂತ ತಿಳಿಯುತ್ತದೆ. ಇವರಿಗೆ ಆಗಿನ ಕಾಲದ ಒಳ್ಳೆಯ ಚಿಕಿತ್ಸೆ ಸಿಗುತ್ತಿತ್ತು.

ಊಟದ ವಿಷಯವೂ ಮೂಳೆಯಿಂದ ಗೊತ್ತಾಯಿತು. ಊರಿನ ಜನ ಅವರನ್ನು ಹೊರ್ಡೆಯಾರಿ, ಅಂದರೆ ಬಾರ್ಲಿ ತಿನ್ನುವವರು ಅಂತ ಕರೆಯುತ್ತಿದ್ದರು. 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕಂಡದ್ದು, ಅವರ ಊಟ ಹೆಚ್ಚಾಗಿ ಕಾಳು, ಧಾನ್ಯ. ಊರಿನ ಉಳಿದವರ ಊಟಕ್ಕಿಂತ ದೊಡ್ಡ ವ್ಯತ್ಯಾಸ ಇಲ್ಲ. ಒಂದೇ ವ್ಯತ್ಯಾಸ: ಇವರ ಮೂಳೆಯಲ್ಲಿ ಸ್ಟ್ರಾನ್ಷಿಯಂ ಎಂಬ ಖನಿಜ ತುಂಬಾ ಜಾಸ್ತಿ. ಸಸ್ಯಗಳ ಬೂದಿ ಕಲಸಿದ ಪಾನೀಯ ಕುಡಿಯುತ್ತಿದ್ದರು ಅಂತ ಹಳೆಯ ಬರಹಗಳಲ್ಲಿದೆ. ಆ ಮಾತಿಗೆ ಮೂಳೆಯಲ್ಲಿ ಆಧಾರ ಸಿಕ್ಕ ಹಾಗಾಯಿತು. ಬೂದಿಯಲ್ಲಿ ಸ್ಟ್ರಾನ್ಷಿಯಂ ಜೊತೆಗೆ ಕ್ಯಾಲ್ಸಿಯಂ ಇರುತ್ತದೆ. ಮೈಯೆಲ್ಲ ನುಗ್ಗಾಗಿ ಬಂದವನಿಗೆ ಅದೊಂದು ಔಷಧಿ.

ವೈದ್ಯರಾದ ನಾವೆಲ್ಲ ಹೆಸರು ಕೇಳಿರುವ ಗ್ಯಾಲೆನ್ ಶುರು ಮಾಡಿದ್ದು ಎಲ್ಲಿ ಗೊತ್ತಾ? ಪೆರ್ಗಮಮ್‌ನಲ್ಲಿ, ಕ್ರಿ.ಶ. 157ರಲ್ಲಿ, ಗ್ಲಾಡಿಯೇಟರ್‌ಗಳ ವೈದ್ಯನಾಗಿ. ಆಮೇಲೆ ಅವನೇ ಚಕ್ರವರ್ತಿಯ ವೈದ್ಯನಾದ. ಸೀಳಿದ ಸ್ನಾಯು, ಹೊರಗೆ ಬಂದ ಕರುಳು ನೋಡಿ ಅವನು ಕಲಿತದ್ದು ನೂರಾರು ವರ್ಷ ವೈದ್ಯರ ಪಾಠವಾಯಿತು. ಆ ಗಾಯಾಳುಗಳ ಋಣ ನಮ್ಮ ವೃತ್ತಿಯ ಮೇಲಿದೆ ಅಂತ ನಾನು ನಂಬುತ್ತೇನೆ.

ಮೈಸೂರ್_ಪಾಕ್_ಪ್ರಿಯ

ಫ್ಲಮ್ಮ ಎಂಬ ಗ್ಲಾಡಿಯೇಟರ್ ಬಗ್ಗೆ ಯಾರೂ ಬರೆದಿಲ್ಲ! ಅವನಿಗೆ ನಾಲ್ಕು ಸಲ ಬಿಡುಗಡೆಯ ಮರದ ಕತ್ತಿ ಕೊಟ್ಟರಂತೆ. ನಾಲ್ಕು ಸಲವೂ ಬೇಡ ಅಂದು ಅಖಾಡಕ್ಕೆ ವಾಪಸ್ ಹೋದನಂತೆ. ಎಂಥ ವೀರ!

ಹಳೆಶಾಸನ

ಈ ಕಥೆ ಎಲ್ಲ ಕಡೆ ಓಡಾಡುತ್ತಿದೆ. ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ. ಫ್ಲಮ್ಮನ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಸಿಸಿಲಿಯಲ್ಲಿ ಸಿಕ್ಕಿದ ಅವನ ಸಮಾಧಿ ಕಲ್ಲಿನಿಂದ. ಅದರಲ್ಲಿ ಇರುವುದು ಇಷ್ಟೇ: ಫ್ಲಮ್ಮ, ಸೆಕ್ಯೂಟರ್. ಬದುಕಿದ್ದು 30 ವರ್ಷ. ಹೋರಾಡಿದ್ದು 34. ಗೆದ್ದದ್ದು 21. ನಿಂತೇ ಬಿಡುಗಡೆ 9. ಬಿಟ್ಟುಬಿಟ್ಟದ್ದು 4. ಸಿರಿಯಾದವನು.

21, 9, 4 ಕೂಡಿಸಿ. ಸರಿಯಾಗಿ 34. ಅಂದರೆ ಆ ನಾಲ್ಕು ಅವನು ಸೋತ ಪಂದ್ಯಗಳು. ಸೋತು ಬಿದ್ದಾಗ ಜನ ಜೀವ ಉಳಿಸಿದರು. ಮರದ ಕತ್ತಿಯ ಮಾತು ಆ ಕಲ್ಲಿನಲ್ಲಿ ಎಲ್ಲೂ ಇಲ್ಲ.

ಮರದ ಕತ್ತಿ, ಅಂದರೆ ರುಡಿಸ್, ನಿಜವಾಗಿ ಇತ್ತು. ಕ್ರಿ.ಶ. 80ರಲ್ಲಿ ಟೈಟಸ್ ಚಕ್ರವರ್ತಿ ಕೊಲೋಸಿಯಂ ತೆರೆದು ನೂರು ದಿನ ಆಟ ನಡೆಸಿದಾಗ, ಪ್ರಿಸ್ಕಸ್ ಮತ್ತು ವೇರಸ್ ಎಂಬ ಇಬ್ಬರು ಬಹಳ ಹೊತ್ತು ಸಮ ಸಮ ಹೋರಾಡಿ ಇಬ್ಬರೂ ಒಟ್ಟಿಗೆ ಸೋಲು ಒಪ್ಪಿಕೊಂಡರು. ಇಬ್ಬರಿಗೂ ಗೆಲುವಿನ ಗರಿ, ಇಬ್ಬರಿಗೂ ಮರದ ಕತ್ತಿ ಸಿಕ್ಕಿತು. ಕವಿ ಮಾರ್ಷಲ್ ಅದನ್ನು ಪದ್ಯ ಮಾಡಿದ್ದಾನೆ.

ಮೈಸೂರ್_ಪಾಕ್_ಪ್ರಿಯ

ಒಪ್ಪಿದೆ ಸರ್. ತಪ್ಪು ತಿಳಿದುಕೊಂಡಿದ್ದೆ. ಆದರೂ ನಾಲ್ಕು ಸಲ ಸೋತು ಮತ್ತೆ ಎದ್ದು ಹೋದ ಅಂದರೆ ಅದೇನು ಕಡಿಮೆ ಧೈರ್ಯವಾ?

ನೇತ್ರಾವತಿ_ತಿರುವು

ಇಟಲಿಯ ಹಳೆಯ ಊರು ಪೊಂಪೇ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಆ ಊರಿನ ಗೋಡೆಗಳ ಮೇಲೆ ಆಟದ ಜಾಹೀರಾತುಗಳು ಇನ್ನೂ ಉಳಿದಿವೆ. ಒಂದರಲ್ಲಿ ಲುಕ್ರೇಟಿಯಸ್ ಸಾಟ್ರಿಯಸ್ ವಾಲೆನ್ಸ್ ಎಂಬ ದೊಡ್ಡ ಮನುಷ್ಯನ 20 ಜೋಡಿ, ಅವನ ಮಗನ 10 ಜೋಡಿ, ಏಪ್ರಿಲ್ 8ರಿಂದ 12. ಬೇಟೆ ಇರುತ್ತದೆ, ಬಿಸಿಲಿಗೆ ಚಪ್ಪರವೂ ಇರುತ್ತದೆ. ಕೊನೆಗೆ ಬರೆದವನ ಸಹಿ: ಎಮಿಲಿಯಸ್ ಕೆಲರ್, ಒಬ್ಬನೇ, ಬೆಳದಿಂಗಳಲ್ಲಿ ಬರೆದೆ. ರಾತ್ರಿ ಹೊತ್ತು ಏಣಿ ಹತ್ತಿ ಕೆಂಪು ಬಣ್ಣದಲ್ಲಿ ಗೋಡೆ ಬರೆಯುತ್ತಿದ್ದ ಆ ಮನುಷ್ಯ ನನ್ನ ಕಣ್ಣಿಗೆ ಕಟ್ಟಿದ ಹಾಗಿದ್ದಾನೆ.

ಅದೇ ಊರಲ್ಲಿ ಸೆಲಾಡಸ್ ಎಂಬ ಥ್ರೇಕ್ಸ್ ಬಗ್ಗೆ 'ಹುಡುಗಿಯರ ನಿಟ್ಟುಸಿರು' ಎಂದು ಗೀಚಿದ್ದಾರೆ. ಇದನ್ನು ಅಭಿಮಾನಿ ಹುಡುಗಿಯರು ಬರೆದದ್ದು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅದು ಸಿಕ್ಕಿದ್ದು ಗ್ಲಾಡಿಯೇಟರ್‌ಗಳು ಇರುತ್ತಿದ್ದ ಮನೆಯ ಒಳಗೆ. ಅವನೇ ಬರೆದುಕೊಂಡನೋ, ಜೊತೆಯವರು ಬರೆದರೋ! ನಾಳೆ ಹೋರಾಡಲಿರುವ ಹುಡುಗನ ಆಸೆ ಅಂತ ಓದಿದರೆ ಅದರ ಧಾಟಿಯೇ ಬದಲಾಗುತ್ತದೆ.

ಆಟದ ಹುಚ್ಚು ಎಷ್ಟಿತ್ತು ಅಂದರೆ ಕ್ರಿ.ಶ. 59ರಲ್ಲಿ ಪೊಂಪೇಯವರಿಗೂ ಪಕ್ಕದ ನುಕೇರಿಯಾದವರಿಗೂ ಆಟದ ಬಯಲಲ್ಲೇ ಹೊಡೆದಾಟ ಆಯಿತು. ಮೊದಲು ಬೈಗುಳ, ಆಮೇಲೆ ಕಲ್ಲು, ಕೊನೆಗೆ ಕತ್ತಿ. ತುಂಬಾ ಜನ ಸತ್ತರು. ಸೆನೆಟ್ ಆ ಊರಿಗೆ ಹತ್ತು ವರ್ಷ ಇಂಥ ಕೂಟ ನಿಷೇಧಿಸಿತು.

ಹೆಣ್ಣುಮಕ್ಕಳೂ ಹೋರಾಡಿದ್ದಾರೆ. ಹಾಲಿಕಾರ್ನಾಸಸ್‌ನಲ್ಲಿ ಸಿಕ್ಕಿದ ಕಲ್ಲಿನಲ್ಲಿ ಇಬ್ಬರು ಎದುರುಬದುರು ನಿಂತಿದ್ದಾರೆ. ಹೆಸರು ಅಮೇಜಾನ್ ಮತ್ತು ಅಕಿಲ್ಲಿಯಾ. ಡ್ರಾ ಆದ ಪಂದ್ಯ. ಈಗ ಲಂಡನ್‌ನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಸುಮಾರು ಕ್ರಿ.ಶ. 200ರಲ್ಲಿ ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿ ಹೆಣ್ಣುಮಕ್ಕಳ ಕಾಳಗ ನಿಲ್ಲಿಸಿದ.

ಕಪ್ಪು_ಮಣ್ಣು

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಓದುತ್ತಾ ಹೋದ ಹಾಗೆ ನನಗೆ ಸಂಕಟವಾಗುತ್ತಿದೆ. ರೆಫರಿ ಇದ್ದ, ಡ್ರಾ ಇತ್ತು, ವೈದ್ಯ ಇದ್ದ. ಹೀಗೆ ಹೇಳುತ್ತಾ ಹೇಳುತ್ತಾ ನಾವು ಇದನ್ನು ಬರೀ ಒಂದು ಕ್ರೀಡೆ ಮಾಡಿಬಿಡುತ್ತಿದ್ದೇವೆ.

ರೋಮನ್ ತತ್ವಜ್ಞಾನಿ ಸೆನೆಕಾ ಒಂದು ಘಟನೆ ಬರೆದಿದ್ದಾನೆ. ಮೃಗಗಳ ಜೊತೆ ಹೋರಾಡಲು ಇಟ್ಟಿದ್ದ ಒಬ್ಬ ಜರ್ಮನ್ ಕೈದಿ. ಹಗಲೂ ರಾತ್ರಿ ಕಾವಲು. ಶೌಚಕ್ಕೆ ಹೋದಾಗ ಮಾತ್ರ ಒಬ್ಬನೇ. ಅಲ್ಲಿ ಒರೆಸಿಕೊಳ್ಳಲು ಇಟ್ಟಿದ್ದ ಸ್ಪಂಜು ಸುತ್ತಿದ ಕೋಲನ್ನು ಗಂಟಲಿಗೆ ತುರುಕಿಕೊಂಡು ಸತ್ತ. ಇನ್ನೊಬ್ಬನನ್ನು ಗಾಡಿಯಲ್ಲಿ ಅಖಾಡಕ್ಕೆ ಕರೆತರುತ್ತಿದ್ದರು. ತೂಕಡಿಸುವವನ ಹಾಗೆ ತಲೆ ಬಗ್ಗಿಸುತ್ತಾ ಬಗ್ಗಿಸುತ್ತಾ ಚಕ್ರದ ಕಡ್ಡಿಗಳ ಮಧ್ಯೆ ಕತ್ತು ಇಟ್ಟುಬಿಟ್ಟ.

ಕ್ರಿ.ಶ. 393ರಲ್ಲಿ ಸಿಮ್ಮಾಕಸ್ ಎಂಬ ಸೆನೆಟರ್ ಮಗನ ಪದವಿಯ ಸಂಭ್ರಮಕ್ಕೆ ಸ್ಯಾಕ್ಸನ್ ಕೈದಿಗಳನ್ನು ತರಿಸಿದ್ದ. ಆಟದ ದಿನ ಬೆಳಗಾಗುವಷ್ಟರಲ್ಲಿ 29 ಜನ ಹಗ್ಗವೂ ಇಲ್ಲದೆ, ಬರಿಗೈಯಲ್ಲಿ ಒಬ್ಬರ ಕತ್ತು ಒಬ್ಬರು ಹಿಸುಕಿ ಸತ್ತಿದ್ದರು. ಸಿಮ್ಮಾಕಸ್ ತುಂಬಾ ಓದಿದವನು, ಸಭ್ಯ ಅಂತ ಹೆಸರು ಪಡೆದವನು. ಅವನು ಬರೆದ ಪತ್ರದಲ್ಲಿ ದುಃಖವಿಲ್ಲ. ಇವರು ಸ್ಪಾರ್ಟಕಸ್‌ಗಿಂತ ಕೆಟ್ಟವರು ಅನ್ನುವ ಸಿಟ್ಟು ಇದೆ.

ಸ್ಪಾರ್ಟಕಸ್‌ನದೂ ಅಷ್ಟೇ. ಕ್ರಿ.ಪೂ. 73ರಲ್ಲಿ ಕಾಪುವಾದ ಶಾಲೆಯಿಂದ ಸುಮಾರು 70 ಜನ ಅಡಿಗೆಮನೆಯ ಚಾಕು, ಮಾಂಸ ಸುಡುವ ಕಂಬಿ ಹಿಡಿದು ತಪ್ಪಿಸಿಕೊಂಡರು. ಕ್ರಿ.ಪೂ. 71ರಲ್ಲಿ ದಂಗೆ ಮುರಿದ ಮೇಲೆ ಸೆರೆ ಸಿಕ್ಕ 6,000 ಜನರನ್ನು ಕಾಪುವಾದಿಂದ ರೋಮ್‌ವರೆಗೆ ದಾರಿಯುದ್ದಕ್ಕೂ ಶಿಲುಬೆಗೇರಿಸಿದರು. ವೈದ್ಯ ಇದ್ದ, ಸರಿ. ಮನೆಯ ಎತ್ತಿಗೂ ವೈದ್ಯರನ್ನು ಕರೆಸುತ್ತೇವೆ.

ಹಾಸನ_ಡಾಕ್ಟರಮ್ಮ

ನೀವು ಹೇಳಿದ್ದು ಸರಿ ಸರ್. ಎಫೆಸಸ್‌ನ ಕೆಲವು ಬುರುಡೆಗಳ ಮೇಲೆ ಚೌಕಾಕಾರದ ತೂತು ಇದೆ. ಅದು ಹೋರಾಟದಲ್ಲಿ ಆದದ್ದಲ್ಲ. ಬದುಕಿ ಉಳಿಯುವ ಭರವಸೆ ಇಲ್ಲದವನಿಗೆ ಸುತ್ತಿಗೆಯಿಂದ ಹೊಡೆದದ್ದು. ನಾನು ಬರೆಯುವಾಗ ಅದನ್ನು ಬಿಟ್ಟುಬಿಟ್ಟೆ. ಬರೆಯಬೇಕಿತ್ತು.

ಬೆಳಗಾವಿ_ಗರಡಿ

ನಾನೂ ಒಪ್ಪುತ್ತೇನೆ. ಆದರೆ ಒಂದು ಮಾತು. ಆ ಜನ ತಮ್ಮ ವಿದ್ಯೆಯ ಬಗ್ಗೆ ಹೆಮ್ಮೆ ಪಟ್ಟಿದ್ದಾರೆ. ಅದೂ ಸುಳ್ಳಲ್ಲ. ಕಪ್ಪು ಸಮುದ್ರದ ದಡದ ಅಮೀಸಸ್‌ನಲ್ಲಿ ಡಿಯೊಡೋರಸ್ ಎಂಬವನ ಕಲ್ಲು ಸಿಕ್ಕಿದೆ. ಅದರಲ್ಲಿ ಬರೆದದ್ದು: ನಾನು ಡೆಮೆಟ್ರಿಯಸ್‌ನನ್ನು ಸೋಲಿಸಿದೆ, ಕೂಡಲೇ ಕೊಲ್ಲಲಿಲ್ಲ, ವಿಧಿ ಮತ್ತು ರೆಫರಿಯ ಮೋಸ ನನ್ನನ್ನು ಕೊಂದಿತು. ಸತ್ತ ಮೇಲೂ ಅವನಿಗೆ ಹೇಳಬೇಕಿದ್ದ ಮಾತು ಒಂದೇ, ನಾನು ಗೆದ್ದಿದ್ದೆ ಅಂತ. ಅವನನ್ನು ಬರೀ ಬಲಿಪಶು ಅಂದರೆ ಅವನ ಆ ಮಾತನ್ನೂ ಕಿತ್ತುಕೊಂಡ ಹಾಗಾಗುತ್ತದೆ.

ಕಪ್ಪು_ಮಣ್ಣು

ಸರಿ ಅಣ್ಣ. ಈ ಕಲ್ಲಿನ ವಿಷಯ ನನಗೆ ಗೊತ್ತಿರಲಿಲ್ಲ.

ರಾಯಚೂರು_ಬಿಸಿಲು

ಕೊನೆಗೆ ನಿಂತದ್ದು ಹೇಗೆ?

ಹಳೆಶಾಸನ

ಒಂದೇ ದಿನದಲ್ಲಿ ನಿಲ್ಲಲಿಲ್ಲ. ಕ್ರಿ.ಶ. 325ರಲ್ಲಿ ಕಾನ್‌ಸ್ಟಂಟೈನ್, ಅಪರಾಧಿಗಳನ್ನು ಅಖಾಡಕ್ಕೆ ಕಳಿಸುವ ಬದಲು ಗಣಿಗೆ ಕಳಿಸಿ ಅಂತ ಆಜ್ಞೆ ಹೊರಡಿಸಿದ. ಆದರೂ ಆಟ ನಡೆಯಿತು. ಕ್ರಿ.ಶ. 404ರ ಸುಮಾರಿಗೆ ಟೆಲಿಮಾಕಸ್ ಎಂಬ ಸನ್ಯಾಸಿ ಅಖಾಡಕ್ಕೆ ಇಳಿದು ಹೋರಾಟ ತಡೆಯಲು ಹೋದ, ಜನರು ಅವನನ್ನೇ ಕೊಂದರು, ಆಮೇಲೆ ಹೊನೋರಿಯಸ್ ಚಕ್ರವರ್ತಿ ನಿಷೇಧಿಸಿದ ಅಂತ ಒಂದು ಕ್ರೈಸ್ತ ಬರಹದಲ್ಲಿದೆ. ಆ ಹೊತ್ತಿಗೆ ದುಡ್ಡೂ ಇರಲಿಲ್ಲ. ಯುದ್ಧದಲ್ಲಿ ಗೆದ್ದು ಕೈದಿಗಳನ್ನು ತರುವ ಕಾಲ ಮುಗಿದಿತ್ತು. ಪ್ರಾಣಿಗಳ ಬೇಟೆ ಮಾತ್ರ ಕೊಲೋಸಿಯಂನಲ್ಲಿ ಕ್ರಿ.ಶ. 523ರವರೆಗೂ ನಡೆಯಿತು.

ತುಂಗಾತೀರ

ಎಲ್ಲರಿಗೂ ತುಂಬಾ ಧನ್ಯವಾದ. ನನ್ನ ಪ್ರಶ್ನೆಗೆ ಅರ್ಧ ಉತ್ತರ ಕೋರ್ಟ್ ಕಟ್ಟೆ ಸರ್ ಕೊಟ್ಟರು. ಇನ್ನರ್ಧ ಈ ಸಮಾಧಿ ಕಲ್ಲುಗಳಲ್ಲೇ ಸಿಕ್ಕಿತು. ಊರು ಜಾಗ ಕೊಡದಿದ್ದರೆ ಇವರನ್ನು ಹೂತವರು ಯಾರು ಅಂತ ಹುಡುಕಿದೆ.

ಹಳೆಶಾಸನ ಸರ್ ಹೇಳಿದ ಫ್ಲಮ್ಮನ ಕಲ್ಲಿನಲ್ಲಿ ಕೊನೆಗೆ ಇನ್ನೊಂದು ಸಾಲಿದೆ. ಡೆಲಿಕಾಟಸ್, ಅವನ ಕೊಆರ್ಮಿಯೊ, ಈ ಯೋಗ್ಯನಿಗೆ ಇದನ್ನು ಮಾಡಿಸಿದ. ಕೊಆರ್ಮಿಯೊ ಅಂದರೆ ಜೊತೆಯಲ್ಲಿ ಆಯುಧ ಹಿಡಿದವನು. ನಾಳೆ ಎದುರು ನಿಲ್ಲಬೇಕಾಗಿ ಬರಬಹುದಾದ ಗೆಳೆಯ. 34ರ ಲೆಕ್ಕ ಇಟ್ಟುಕೊಂಡವನೂ ಅವನೇ ಇರಬೇಕು.

ಮಿಲಾನ್‌ನಲ್ಲಿ ಉರ್ಬಿಕಸ್ ಎಂಬ ಸೆಕ್ಯೂಟರ್‌ನ ಕಲ್ಲಿದೆಯಂತೆ. ಫ್ಲಾರೆನ್ಸ್ ಊರಿನವನು. ಗರಡಿ ಅಣ್ಣ ಹೇಳಿದ 'ಮೊದಲ ಕಂಬ' ದರ್ಜೆ. 13 ಪಂದ್ಯ, 22 ವರ್ಷ. ಮಾಡಿಸಿದ್ದು ಹೆಂಡತಿ ಲಾರಿಕಿಯಾ. ಏಳು ವರ್ಷ ಜೊತೆಗೆ ಬದುಕಿದಳು. ಒಲಿಂಪಿಯಾಸ್ ಎಂಬ ಮಗಳು ಐದು ತಿಂಗಳ ಕೂಸು. ಇನ್ನೊಬ್ಬಳು ಫಾರ್ಚುನೆನ್ಸಿಸ್. ಕಲ್ಲಿನಲ್ಲಿ ಒಂದು ಎಚ್ಚರಿಕೆಯ ಮಾತೂ ಇದೆ: ಯಾರನ್ನು ಸೋಲಿಸುತ್ತೀರೋ ಅವರನ್ನು ಕೊಂದುಬಿಡಿ. ಇವನು ಯಾರನ್ನೋ ಜೀವಸಹಿತ ಬಿಟ್ಟಿದ್ದ, ಆಮೇಲೆ ಅವನ ಕೈಯಲ್ಲೇ ಸತ್ತ ಅಂತ ನಾನು ಅಂದುಕೊಂಡೆ. ನಮ್ಮಲ್ಲಿ ಯಾರಾದರೂ ಮಿಲಾನ್‌ನಲ್ಲಿ ಇದ್ದೀರಾ? ಇದನ್ನು ಕಣ್ಣಾರೆ ನೋಡಿದ್ದೀರಾ?

ಮಿಲಾನ್_ಕನ್ನಡತಿ

ಅಕ್ಕ, ನಾನಿದ್ದೇನೆ. ಇಲ್ಲಿಗೆ ಓದಲು ಬಂದು ಮೂರು ವರ್ಷ ಆಯಿತು. ನಿಮ್ಮ ಪೋಸ್ಟ್ ಓದಿ ಇವತ್ತು ಮಧ್ಯಾಹ್ನ ಹೋಗಿ ಬಂದೆ. ಕಲ್ಲು ದೊಡ್ಡದಲ್ಲ. ಉರ್ಬಿಕಸ್ ಎದುರಿಗೆ ನೋಡುತ್ತಾ ನಿಂತಿದ್ದಾನೆ. ಹೆಲ್ಮೆಟ್ ತಲೆಯ ಮೇಲಿಲ್ಲ, ಪಕ್ಕಕ್ಕೆ ತೆಗೆದಿಟ್ಟಿದೆ. ಗರಡಿ ಅಣ್ಣ ಹೇಳಿದ ಹಾಗೆ ನುಣುಪಾದ ಹೆಲ್ಮೆಟ್. ಇನ್ನೊಂದು ಪಕ್ಕ ಒಂದು ಸಣ್ಣ ನಾಯಿ ಇದೆ, ಅವನ ಕಡೆಗೆ ಮುಖ ಎತ್ತಿಕೊಂಡು.